ಮೂಗು, ಮೂಗುತಿ

ರಾತ್ರಿ ಹನ್ನೊಂದೂವರೆಗೆ ಟ್ರಾಮನ್ನು ಡಿಪೊದಲ್ಲಿ ಮಲಗಿಸಿ ಬಂದು
ಕೋಟು ಕಳಚುವ ಮೊದಲೇ ಬೆರಳು ಗುಂಡಿಯ ಮೇಲೆ.
ಪೆಟ್ಟಿಗೆ ಮೊದಲು ಕೆಮ್ಮುತ್ತದೆ,
ಆಮೇಲೆ ಒಳಗಿನ ಫ್ಯಾನು
ಮೂಟೆ ಹೊತ್ತು ನಾಲ್ಕನೇ ಮಹಡಿ ಹತ್ತುವವನ ಹಾಗೆ ಏದುಸಿರು ಬಿಡುತ್ತದೆ.
ಪರದೆ ಬೆಳಗುವಷ್ಟರಲ್ಲಿ ಆಲೂಗಡ್ಡೆ ಸುಲಿದು ಒಲೆಗೆ ಇಟ್ಟಾಗಿರುತ್ತದೆ.
ಒಂಬತ್ತು ವರ್ಷ ಹೀಗೇ.

ನಮ್ಮೂರಿನ ಹೆಸರು ವುಚ್. ಅಂದರೆ ದೋಣಿ.
ಹುಡುಕಿದರೂ ದೋಣಿ ಬಿಡುವಂಥ ಹೊಳೆಯಿಲ್ಲ,
ಇದ್ದವು ಗಿರಣಿಗಳ ಕಾಲದಲ್ಲೇ ರಸ್ತೆಯಡಿ ಸೇರಿದವು.
ಹೆಸರಿಗೂ ಇರುವಿಕೆಗೂ ಇಷ್ಟೇ ನಂಟು ಎಂಬುದು ನಮಗೆ ರೂಢಿ.
ಪೆಟ್ಟಿಗೆಯ ಮೇಲೆ ಈಗಲೂ ಒಂದು ಮಿಂಚಿನ ಚಿತ್ರ.

ಆಟದೊಳಗೆ ಮಳೆ ಬಂದರಂತೂ ಮುಗಿಯಿತು.
ಹನಿಗಳು ಗಾಜಿನ ಮೇಲೆ ಬಿದ್ದಲ್ಲೇ ನಿಲ್ಲುತ್ತವೆ,
ನಾನು ಬ್ರೇಕ್ ಒತ್ತಿದ ಸುದ್ದಿ ಲಾರಿಗೆ ತಲುಪುವಾಗ
ಲಾರಿ ಕಂದಕದಲ್ಲಿ, ಹದಿನೆಂಟು ಟನ್ ಕಿತ್ತಳೆ ಸಮೇತ.

ತಂಗಿಯ ಮಗ ತಿಮೊನ್ ಬಂದು ನೋಡಿದ.
"ದೊಡ್ಡಮ್ಮ, ಗ್ರಾಫಿಕ್ಸ್ ಕಾರ್ಡ್ ಒಂದು ಬದಲಿಸಿದರೆ ಸಾಕು."
ಚಹಾ ಕುಡಿದ. "ಆದರೆ ಅದಕ್ಕೆ ಈ ಪವರ್ ಸಪ್ಲೈ ಸಾಲದು."
ಬಿಸ್ಕತ್ತು ತಿಂದ. "ಪ್ರೊಸೆಸರೂ ಜತೆ ಓಡಲಾರದು,
ಹೊಸದು ಈ ಬೋರ್ಡಿಗೆ ಕೂರಲ್ಲ, ಬೋರ್ಡ್ ಬದಲಿಸಿದರೆ ಮೆಮೊರಿ..."
ಬಿಸ್ಕತ್ತಿನ ಡಬ್ಬಿ ಮುಚ್ಚಿಟ್ಟೆ.
ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ,
ಇಲ್ಲಿ ಮೂಗುತಿಗಾಗಿ ಮುಖವನ್ನೇ ಬದಲಿಸಬೇಕು.

ಆದರೂ ಬಾವುತಿಯಲ್ಲಿ ಕಲಿನಾ ಅನ್ನುವ ಹುಡುಗಿ
ತನ್ನ ಕಾರ್ಡ್ ಮಾರುತ್ತಾಳೆಂದು ಕೇಳಿ ಹೋದೆ.
ಮಗುವನ್ನು ಎತ್ತಿಕೊಟ್ಟ ಹಾಗೆ ಎರಡೂ ಕೈಯಲ್ಲಿ ಕೊಟ್ಟಳು.
"ಯಾವ ಆಟ ಆಡ್ತೀರಿ?"
"ಲಾರಿ ಓಡಿಸ್ತೀನಿ."
"ಕೆಲಸ?"
"ಟ್ರಾಮ್ ಓಡಿಸೋದು."
ನಗು ತಡೆಯಲು ಆಚೆ ತಿರುಗಿದಳು, ಪಾಪ, ಒಳ್ಳೆಯ ಹುಡುಗಿ.
"ಅಲ್ಲಿ ಹಳಿ ಇರಲ್ಲ ಕಣಮ್ಮ," ಅಂದೆ.
"ಇಪ್ಪತ್ತೆರಡು ವರ್ಷದಿಂದ ನಾನು ಎಡಕ್ಕೆ ತಿರುಗಿಲ್ಲ,
ಹಳಿ ತಿರುಗಿದೆ."
ಐವತ್ತು ಜ್ಲೋಟಿ ಕಡಿಮೆ ಮಾಡಿದಳು. ನಾನು ಕೇಳಿರಲಿಲ್ಲ.

ಮನೆಯಲ್ಲಿ ಅಳೆದರೆ ಕಾರ್ಡ್ ಪೆಟ್ಟಿಗೆಗಿಂತ ಎರಡು ಬೆರಳು ಉದ್ದ.

ಡಿಪೊದ ಲೆಷೆಕ್‌ಗೆ ಹೇಳಿದೆ. ಗ್ರೀಸಿನ ಕೈಯಲ್ಲೇ ಬ್ರೆಡ್ ಮುರಿಯುತ್ತ ಕೇಳಿದ.
"ನಿನ್ನ ೧೩೮೭ ಇದೆಯಲ್ಲ, ಮೋಟರ್ ಬದಲಿಸಿದ್ದೀನಿ,
ಬಾಗಿಲು ಎರಡು ಸಲ, ಸೀಟು ಯಾರಿಗೆ ನೆನಪು.
ರಿಜಿಸ್ಟರಿನಲ್ಲಿ ಅದೇ ಗಾಡಿ.
ತಳ ತುಕ್ಕು ಹಿಡಿದರೆ ಮಾತ್ರ ಕೈ ಬಿಡೋದು.
ತುಕ್ಕು ಕೆಳಗಿಂದ ಬರತ್ತೆ, ಬಗ್ಗದವನಿಗೆ ಕಾಣಲ್ಲ."

ಭಾನುವಾರ ಪೆಟ್ಟಿಗೆ ಬಿಚ್ಚಿ, ಟಾರ್ಚ್ ಹಿಡಿದು ಬಗ್ಗಿದೆ.
ಹಳೆಯ ಗಿರಣಿಯ ನೆಲದಿಂದ ಬಾಚಿ ತಂದಂತೆ ಅರಳೆ ಅರಳೆ ಧೂಳು.
ಅದರಡಿ, ಬೋರ್ಡಿನ ಮೂಲೆಯಲ್ಲಿ, ಮೂರು ಕೆಪಾಸಿಟರ್
ಹೊಟ್ಟೆ ಉಬ್ಬಿಸಿಕೊಂಡು ಕೂತಿದ್ದವು,
ಒಂದರ ನೆತ್ತಿ ಒಡೆದು ಕಂದು ರಸ ಒಣಗಿತ್ತು.
ಪಾಪದ್ದು, ಇಷ್ಟು ದಿನ ಕೆಮ್ಮಿದ್ದೇ ದೊಡ್ಡದು.

ಸಮುದ್ರಕ್ಕೆಂದು ಎತ್ತಿಟ್ಟಿದ್ದ ದುಡ್ಡು ಹೋಯಿತು.
ಬೋರ್ಡ್, ಪ್ರೊಸೆಸರ್, ಮೆಮೊರಿ, ಪವರ್ ಸಪ್ಲೈ.
ಪೆಟ್ಟಿಗೆ ಮಾತ್ರ ಕೊಡಲಿಲ್ಲ.
ಲೆಷೆಕ್ ಗರಗಸ ತಂದು ಒಳಗಿನ ಒಂದು ಕಪಾಟನ್ನೇ ಕೊಯ್ದ,
ತಿಮೊನ್ ಕಣ್ಣು ಮುಚ್ಚಿಕೊಂಡ,
ಕಲಿನಾಳ ಕಾರ್ಡ್ ಒಳಗೆ ಹೋಗಿ ಕೂತಿತು.
ಮನೆ ಲೆಕ್ಕದ ಪುಸ್ತಕದಲ್ಲಿ ಬರೆದೆ: ದುರಸ್ತಿ. ಅದೇ ಗಾಡಿ.

ಈ ರಾತ್ರಿ ಗುಂಡಿ ಒತ್ತಿದರೆ ಸದ್ದೇ ಇಲ್ಲ.
ಕೆಟ್ಟಿತೇ ಎಂದು ಅಡುಗೆಮನೆಯಿಂದ ಇಣುಕಿದೆ.
ಲಾರಿ ಆಗಲೇ ಮಳೆಯಲ್ಲಿ ನಿಂತಿದೆ, ದೀಪ ಹಚ್ಚಿಕೊಂಡು,
ಹನಿಗಳು ಗಾಜಿನ ಮೇಲೆ ಸರಸರ ಇಳಿಯುತ್ತಿವೆ.
ನನ್ನ ಕೈಯಲ್ಲಿ ಚಾಕು,
ಇನ್ನೂ ಒಂದೇ ಸುತ್ತು ಸಿಪ್ಪೆ ಇಳಿದ ಆಲೂಗಡ್ಡೆ.