ಒಂದು ಅಂಕದ ಪ್ರಶ್ನೆ

ನೈಸರ್ಗಿಕ ಬಂದರು ಎಂದರೇನು? ಒಂದು ಉದಾಹರಣೆ ಕೊಡಿ.
ಒಂದೇ ಅಂಕ.
ವರ್ಷವರ್ಷವೂ ನೀಲಿ ಸೀಮೆಸುಣ್ಣ ತೇಯ್ದು
ಮುಂಬಯಿ ಬರೆಯುತ್ತೇನೆ ಗುಡಿಬಂಡೆಯ ಬೋರ್ಡಿನ ಮೇಲೆ:
ಅರಬ್ಬಿ ಕಡಲಿಗೆ ಎದೆಕೊಟ್ಟು ನಿಂತ ಊರು,
ಬೆನ್ನ ಹಿಂದೆ, ಪೂರ್ವಕ್ಕೆ,
ಹಡಗುಗಳ ಬಚ್ಚಿಟ್ಟುಕೊಂಡ ನೀರು,
ಚುಕ್ಕಿ ಚುಕ್ಕಿ ದ್ವೀಪ, ತುದಿಗೊಂದು ದೀಪಸ್ತಂಭ.
ಗಂಟೆ ಹೊಡೆಯುವ ಹೊತ್ತಿಗೆ
ಸಮುದ್ರವೆಲ್ಲ ನನ್ನ ಸೆರಗಿನ ಮೇಲೆ.

ಕಡಲನ್ನು ನಾನೂ ಕಂಡವಳಲ್ಲ.
ಮಕ್ಕಳಿಗೆ ಹೇಳಿಲ್ಲ.

ಈ ಸಲ ಏಳನೇ ಕ್ಲಾಸನ್ನು ಕೋಟೆ ಹತ್ತಿಸಿದೆ.
ಮೇಲಿನಿಂದ ಭೈರಸಾಗರ
ಭಾರತದ ಭೂಪಟದ ಹಾಗೆ ಎಂದು ಊರೆಲ್ಲ ಹೇಳುತ್ತದಲ್ಲ,
ಅದರ ಅಂಚಿಗೇ ಬೆರಳಿಟ್ಟು ಬಂದರು ತೋರಿಸುವ ಆಸೆ.
ಕಣ್ಣು ಕಿರಿದು ಮಾಡಿ, ಎಂದೆ.
ಅರ್ಧ ಜನಕ್ಕೆ ಭಾರತ ಕಂಡಿತು.
ಇಲಿಯಾಸನಿಗೆ ಮಾತ್ರ
ಉಪ್ಪು ಹಚ್ಚಿ ಬಿಸಿಲಿಗೆ ಹರವಿದ ಮೇಕೆಯ ಚರ್ಮ.
ಅದೂ ಸರಿಯೇ. ಅವರಪ್ಪನ ವ್ಯಾಪಾರ ಅದೇ.

ತೂಬಿನ ಪಕ್ಕ ವಿಶಾಖಪಟ್ಟಣ, ಕೆಳಗೆ ಜಾಲಿಮರದ ಹತ್ತಿರ ಕೊಚ್ಚಿ.
ಮುಂಬಯಿ ಎಲ್ಲಿ ಮಿಸ್?
ದಡ ಮೊಣಕೈ ಮಡಚಿದ ಕಡೆ ತೋರಿಸಿದೆ.
ಬೆಳ್ಳಗೆ ಏನೋ ಹರಡಿತ್ತು ಅಲ್ಲಿ.
ಬಂದರಿಗೆ ರೇವು ಅಂತಲೂ ಹೆಸರು ಎಂದದ್ದೇ ತಡ,
ಹಿಂದಿನಿಂದ ಆದಿಲಕ್ಷ್ಮಿ, ವರ್ಷವೆಲ್ಲ ಬಾಯಿ ಬಿಡದವಳು:
"ರೇವಾ? ಅದು ನಮ್ದು ಮಿಸ್.
ಅಗೋ, ನಮ್ಮಮ್ಮ ಒಣಗಾಕಿರೋ ಲಾಡ್ಜಿನ ಬೆಡ್‌ಶೀಟು."

ಇಳಿದು ಹೋದೆವು.
ಕತ್ತೆಕಲ್ಲಿಗೆ ಒರಗಿ
ಒಂದು ಮೊಪೆಡ್ಡು ಲಂಗರು ಹಾಕಿತ್ತು.
ಕತ್ತೆಗಳು ಹೋಗಿ ಇಪ್ಪತ್ತು ವರ್ಷ, ಕಲ್ಲು ಹೆಸರು ಬಿಟ್ಟಿಲ್ಲ.
ಎಡಕ್ಕೆ ಅವಳಿಬಂಡೆ, ಅದರ ಸಂದಿನಲ್ಲಿ
ಸೋಪಿನ ನೊರೆ ಹೊರಕ್ಕೆ ಹೋಗುವ ದಾರಿ.
ಬಲಕ್ಕೆ ಅಜ್ಜಿಬಂಡೆ, ಬೆನ್ನು ಬಾಗಿಸಿ
ಅಲೆಗಳಿಗೆ ಅಡ್ಡ ಕೂತಿದ್ದಾಳೆ.
ನೀರೊಳಗೆ ಕಾಣದ ಕಲ್ಲೊಂದಿದೆ, ಹೆಸರು ಸುಂಕದವನು:
ಮೈಮರೆತು ಇಳಿದವರಿಂದ
ಹೆಬ್ಬೆರಳಿನ ಉಗುರು ವಸೂಲಿ ಮಾಡುತ್ತಾನೆ.
ಆಚೆ ಗಂಗಮ್ಮನ ಕಲ್ಲು. ಮೂರು ಅರಿಸಿನದ ಬೊಟ್ಟು,
ಶುಕ್ರವಾರ ಸಂಜೆ ಒಂದು ಹಣತೆ.
ಮೀನಿನವರು ಕತ್ತಲಲ್ಲಿ ಅದನ್ನು ನೋಡಿಯೇ
ತೆಪ್ಪ ತಿರುಗಿಸುತ್ತಾರಂತೆ.

ಇಷ್ಟು ದೊಡ್ಡ ಕೆರೆಯಲ್ಲಿ ಇಲ್ಲೇ ಯಾಕೆ?
ಒಗೆತ ನಿಲ್ಲಿಸದೆ ಅಂದಳು ಆದಿಲಕ್ಷ್ಮಿಯ ಅಜ್ಜಿ:
"ಇಕ್ಕಡ ಗಾಲಿ ರಾದಮ್ಮಾ."
ಕೊರಟಗೆರೆಯವಳು ನಾನು.
ಗಾಲಿ ಎಂದರೆ ಬಂಡಿಯದು ಅಂದುಕೊಂಡೆ,
ದಾರಿ ಸರಿಯಿಲ್ಲವೇನೋ ಎಂದು ತಲೆಯಾಡಿಸಿದೆ.
ಹುಡುಗಿ ನಕ್ಕಳು.
"ಗಾಳಿ ಮಿಸ್, ಗಾಳಿ! ಇಲ್ಲಿಗೆ ಬರಲ್ಲ.
ಆಚೆ ಒಣಗಾಕಿದ್ರೆ
ಸೀರೆ ಪೇರೇಸಂದ್ರ ಸೇರ್ಕೊಂಬಿಡ್ತದೆ."

ಹದಿನಾಲ್ಕು ವರ್ಷ ಬೋರ್ಡಿನ ಮೇಲೆ ಬರೆದದ್ದು
ಮೊಣಕಾಲುದ್ದ ನೀರಿನಲ್ಲಿ ಸೀರೆ ಎತ್ತಿ ನಿಂತಾಗ
ಕಾಲಿಗೆ ತಗುಲಿತು, ತಣ್ಣಗೆ.

ಮಾರ್ಚಿನಲ್ಲಿ ಉತ್ತರಪತ್ರಿಕೆ.
ಆದಿಲಕ್ಷ್ಮಿ ಬರೆದಿದ್ದಾಳೆ, ಒತ್ತಕ್ಷರ ಒಂದು ತಪ್ಪು:
ಬಂಡೆಗಳು ಸರಿದು ಕೂತು ನೀರಿಗೆ ಜಾಗ ಬಿಟ್ಟಿರುವುದು.
ಗಾಳಿಗೆ ಬಿಟ್ಟಿಲ್ಲ.
ಉದಾಹರಣೆ: ನಮ್ಮ ರೇವು.

ಮಾದರಿ ಉತ್ತರದಲ್ಲಿ ಮುಂಬಯಿ ಮಾತ್ರ ಇದೆ.
ಏರಿಯನ್ನು ಯಾರೋ ಕಟ್ಟಿದ್ದಲ್ಲವೇ, ಕೆರೆ ಹೇಗೆ ನೈಸರ್ಗಿಕ,
ಎಂಬ ತಕರಾರೂ ಇದೆ ನನ್ನ ಒಳಗಿನ ಇನ್‌ಸ್ಪೆಕ್ಟರಿಗೆ.
ಕೆಂಪು ಪೆನ್ನಿನಲ್ಲಿ ಅರ್ಧ ಕೊಟ್ಟೆ.

ಉಳಿದ ಅರ್ಧ ಇನ್ನೂ ನನ್ನ ಬಳಿಯೇ ಇದೆ.
ಗಾಳಿ ಜೋರಾದ ರಾತ್ರಿಗಳಲ್ಲಿ
ಅದನ್ನು ಇಡಲು ಜಾಗ ಹುಡುಕುತ್ತೇನೆ.