ಎರಡಡಿ ಗುಣಿ, ಆರು ಮಿಲ್ಲಿಮೀಟರ್

ಬಿ.ಬಿ. ರಸ್ತೆಯಲ್ಲಿ, ಬಟ್ಟೆ ಅಂಗಡಿಯ ನೆತ್ತಿಯ ಮೇಲೆ,
ಡಾಕ್ಟರ್ ನುಸ್ರತ್ ನನ್ನ ದವಡೆಯನ್ನು
ಬೆಳಕಿಗೆ ಹಿಡಿದು ತೋರಿಸುತ್ತಾರೆ.
ಎಡಗಡೆ, ಕೆಳಗೆ, ಕಟ್ಟಕಡೆಯದು.
ಒಂಬತ್ತು ವರ್ಷದ ಖಾಲಿ ಜಾಗ.
ಮೂಳೆ ತಗ್ಗಿದೆ,
ಕಂಬ ಕಿತ್ತ ಮೇಲೆ ಗುಣಿಯ ಅಂಚು
ಮಳೆಮಳೆಗೂ ಕುಸಿಯುವ ಹಾಗೆ.

ನಾನು ಪಿಳ್ಳಾಂಜಿನಪ್ಪ,
ದ್ರಾಕ್ಷಿ ಚಪ್ಪರಕ್ಕೆ ಕಲ್ಲು ನೆಡುವವನು.
ಮುದ್ದೆ ನುಂಗಲು ಹಲ್ಲು ಬೇಕಿಲ್ಲ,
ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ.
ಕಡಲೆಯ ಗಾದೆ ಹೇಳಿದವರಿಗೆಲ್ಲ ನಕ್ಕೆ.
ಆದರೆ ಒಂಬತ್ತಡಿ ಕಲ್ಲು ಎದ್ದು ನಿಲ್ಲಬೇಕಾದರೆ
ಹಲ್ಲು ಕಚ್ಚಬೇಕು, ಸ್ವಾಮಿ.
ಬಲಕ್ಕೇ ಕಚ್ಚಿ ಕಚ್ಚಿ
ನನ್ನ ಕತ್ತೇ ಅತ್ತ ವಾಲಿದೆ.

"ಇದು ನರದ ದಾರಿ, ನೋಡಿ,"
ಮೂಳೆಯೊಳಗೊಂದು ಮಸುಕು ಗೆರೆ.
ಅದು ನನಗೆ ಗೊತ್ತು.
ಒಮ್ಮೆ ಪೆರೇಸಂದ್ರದಲ್ಲಿ ನನ್ನ ಹಾರೆ
ನೆಲದಡಿಯ ನೀರಿನ ಪೈಪಿಗೆ ತಾಗಿ
ಇಡೀ ಸಾಲು ಕೆಸರಲ್ಲಿ ನಿಂತಿತ್ತು.
ಸಾಹುಕಾರ ಬೈದದ್ದು ಇನ್ನೂ ಕಿವಿಯಲ್ಲಿದೆ.

ಅಂಗೈಯಲ್ಲಿ ಎರಡು ತಿರುಪು ಇಟ್ಟರು.
ಒಂದು ತೊಗರಿಕಾಳಿನಷ್ಟು.
ಇನ್ನೊಂದು, ಅದೇ ಕಾಳು ಮೊಳಕೆಯೊಡೆದಷ್ಟು.
ಉದ್ದದ್ದಕ್ಕೆ ನಿಮ್ಮಲ್ಲಿ ಜಾಗ ಸಾಲದು,
ಮೊದಲು ಮೂಳೆ ತುಂಬಬೇಕು,
ಅದು ಹತ್ತಿಕೊಳ್ಳುವವರೆಗೆ ಕಾಯಬೇಕು,
ಆರು ತಿಂಗಳೋ ಎಂಟೋ, ದುಡ್ಡೂ ಅಷ್ಟೇ.
ಗಿಡ್ಡದ್ದಾದರೆ ಇರುವ ಮೂಳೆಯಲ್ಲೇ ಕೂರುತ್ತೆ.

"ಯಾವುದು ನಿಲ್ಲುತ್ತೆ, ಅದು ಹೇಳಿ."

ಸುಳ್ಳಾಡುವ ಹುಡುಗಿಯಲ್ಲ ಆಕೆ.
"ನಾಲ್ಕೈದು ವರ್ಷದ ಲೆಕ್ಕದಲ್ಲಿ
ಎರಡೂ ಹೆಚ್ಚುಕಮ್ಮಿ ಒಂದೇ.
ಅದರಾಚೆಗೆ ಗಿಡ್ಡದ್ದರ ಲೆಕ್ಕ
ಇನ್ನೂ ಅಷ್ಟು ಯಾರೂ ಬರೆದಿಟ್ಟಿಲ್ಲ.
ನೀವು ರಾತ್ರಿ ಹಲ್ಲು ಕಡಿಯುತ್ತೀರಾ?"

"ರಾತ್ರಿ ಇಲ್ಲ. ಹಗಲು."

ಆಕೆಯ ಪೆನ್ನು ನಿಂತಿತು.

ಆಳವೊಂದೇ ಅಲ್ಲಮ್ಮ, ಅಂದೆ.
ಅಗಲಗುರ್ಕಿಯಲ್ಲಿ ಒಂದೂವರೆ ಅಡಿಗೇ ಬಂಡೆ ಸಿಕ್ಕಿತು.
ಮೇಸ್ತ್ರಿ ದೊಡ್ಡಪಾಪಯ್ಯ ಬೀಡಿ ಹಚ್ಚಿ
"ಬಟ್ಟಲು ಕೊರೆ, ಕೂರಿಸು, ಸಂದಿಗೆ ಚಕ್ಕೆ ಬಡಿ" ಅಂದ.
ಇಪ್ಪತ್ತಾರು ವರ್ಷ, ಆ ಕಂಬ ಇನ್ನೂ ಫಸಲು ಹೊರುತ್ತಿದೆ.
ಕೆರೆಗೋಡಿನಲ್ಲಿ ಮೂರಡಿ ಹೂತದ್ದು
ಮೊದಲ ಗೊಂಚಲಿಗೇ ಮಲಗಿತು.
ಸುತ್ತ ಏನಿದೆ, ಅದು ಲೆಕ್ಕ.

ಅಷ್ಟು ಹೇಳಿ ಸುಮ್ಮನಾಗಬಹುದಿತ್ತು.
ಆದರೆ ಬಾಯಿ ತೆರೆದೇ ಇತ್ತಲ್ಲ, ಬಂದುಬಿಟ್ಟಿತು:
"ಮೂಲೆಕಂಬಕ್ಕೆ ಮಾತ್ರ ನಾನು
ಗಿಡ್ಡ ಗುಣಿ ತೆಗೆದವನಲ್ಲ.
ತಂತಿ ಎಲ್ಲ ಅದನ್ನೇ ಪಕ್ಕಕ್ಕೆ ಜಗ್ಗುತ್ತೆ.
ಇದು ನಡುಕಂಬವೋ, ಮೂಲೆಕಂಬವೋ?"

ಆಕೆ ಪುಟ್ಟ ಕನ್ನಡಿ ಬಾಯೊಳಗಿಟ್ಟು
ಮುಂದಿನಿಂದ ಎಣಿಸುತ್ತಾ ಹೋದರು.
"ಇದರ ಹಿಂದೆ ಯಾರೂ ಇಲ್ಲ."

ಸ್ವಲ್ಪ ಹೊತ್ತು ಫ್ಯಾನ್ ತಿರುಗಿದ ಸದ್ದು.
"ಗಿಡ್ಡದ್ದು ಹಾಕಬಹುದು. ಬೇಡ ಅನ್ನಲ್ಲ.
ಆದರೆ ಕಲ್ಲೆತ್ತುವಾಗ
ಆ ಕಡೆ ಕಚ್ಚಬೇಡಿ."

ಅದಕ್ಕೇ ಅಲ್ಲವೇ ತಾಯಿ ನಾನು ಬಂದದ್ದು!

ಭಾನುವಾರ ಹೇಳ್ತೀನಿ ಅಂದು ಮೆಟ್ಟಿಲಿಳಿದೆ.
ನಾಲಿಗೆ ದಾರಿಯುದ್ದಕ್ಕೂ ಖಾಲಿ ಜಾಗದಲ್ಲೇ
ಗೇಣು ಹಾಕುತ್ತಿತ್ತು.
ಎಂಟು ತಿಂಗಳು ಅಂದರೆ ಎರಡು ತೋಟದ ಕೆಲಸ.
ನನಗೀಗ ಅರವತ್ತೊಂದು.
ಇನ್ನೆಷ್ಟು ಕಲ್ಲು ಎತ್ತುತ್ತೇನೆ,
ಅದಕ್ಕೆ ಎಷ್ಟು ಆಳ ಬೇಕು,
ಅದನ್ನು ಯಾವ ಫೋಟೊದಲ್ಲಿ ನೋಡೋದು?

ಅಗಲಗುರ್ಕಿಯಲ್ಲಿ ಬಸ್ಸಿಳಿದೆ, ಕೆಲಸವಿರಲಿಲ್ಲ.
ತೋಟದವರು ಕೇಳಲಿಲ್ಲ, ನಾನೂ ಹೇಳಲಿಲ್ಲ.
ಆ ಒಂದೂವರೆ ಅಡಿಯ ಕಂಬಕ್ಕೆ
ಭುಜ ಕೊಟ್ಟು ನೂಕಿದೆ.
ಅಲುಗಲಿಲ್ಲ.
ಹಲ್ಲು ಕಚ್ಚಿ ಇನ್ನೊಮ್ಮೆ ನೂಕಿದೆ,
ಬಲಗಡೆ ಮಾತ್ರ.