ಒಪ್ಪತ್ತು

ಚಿಂತಾಮಣಿಯ ಬೀಗರೂಟದಲ್ಲಿ
ಮುದ್ದೆ ಅಗಿಯುವುದು ಅವಮಾನ; ನುಂಗಬೇಕು.
ನನ್ನ ಅನ್ನನಾಳಕ್ಕೆ ಆ ಮರ್ಯಾದೆ ಗೊತ್ತಿಲ್ಲ.
ಎದೆಯ ನಡುವೆ ತಡೆದು
ಬಂದ ದಾರಿಗೇ ವಾಪಸ್ಸು ಕಳಿಸುತ್ತದೆ.

ಹೋದ ವರ್ಷ ಶಾಮಿಯಾನದ ಹಿಂದೆ
ಟವೆಲ್ಲಿನಲ್ಲಿ ಕಕ್ಕಿದೆ.
ಕುಡಿದಿದ್ದಾನೆ ಅಂದರು.
ಸದ್ಯ, ಅದಕ್ಕಾದರೂ ಒಂದು ಹೆಸರಿದೆ.

ಈ ಸಲ ಒಪ್ಪತ್ತು ಅಂದೆ,
ಬೋಟಿಗೊಜ್ಜಿನ ಘಮಕ್ಕೆ ಕೈಮುಗಿದು.
ಯಾವ ದೇವರಿಗೆ ಅಂದರು.
ಬಾಯಿಗೆ ಬಂದ ಹೆಸರು ಹೇಳಿದೆ.
ಆಮೇಲೆ ಗೃಹಪ್ರವೇಶಕ್ಕೂ ಅದೇ, ತಿಥಿಗೂ ಅದೇ.
ಗಂಗುಲಪ್ಪನ ಸೊಸೆ ಕಾಲಿಗೆ ಬಿದ್ದು
ಕೂಸನ್ನು ಮಡಿಲಿಗಿಟ್ಟು
ನೀವೇ ಹೆಸರಿಡಿ ಸ್ವಾಮಿ, ಅಂದಳು.

ಗೊತ್ತಿರುವುದು ಪಿಳ್ಳಮ್ಮನಿಗೆ ಮಾತ್ರ.
ರಾತ್ರಿ ಅಂಬಲಿ ಸೋಸಿ ಕೊಟ್ಟು
ಗೋಡೆ ಕಡೆ ತಿರುಗಿ ಕೂರುತ್ತಾಳೆ.
ನಾನು ನಿಂತೇ ಕುಡಿಯುತ್ತೇನೆ.

ಇಳೀತಾ?

ತಡಿ.